ಛಾಯಾಚಿತ್ರ ಗ್ಯಾಲರಿ ಮತ್ತು ಸಮುದಾಯ: ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ನ ಜೀವನವನ್ನು ಕುರಿತು

1. ಪ್ರವೇಶ

ಕಾವ್ಯದ ಸಾರ್ಥಕತೆಗೆ ಕವಿಯೊಬ್ಬನಿದ್ದರೆ ಸಾಲದು, ಸಹೃದಯನೂ ಇರಬೇಕು ಎಂಬುದು ಭಾರತೀಯ ಕಾವ್ಯಮೀಮಾಂಸೆಯ ಮೂಲಭೂತ ತಿಳಿವಳಿಕೆಗಳಲ್ಲೊಂದು. ಈ ಮಾತು ಇತರ ಕಲೆಗಳಿಗೂ ಅನ್ವಯಿಸುತ್ತದೆ. ಆದರೆ ಸಹೃದಯನು ಗಾಳಿಯಲ್ಲಿ ಹುಟ್ಟುವವನಲ್ಲ. ಅವನು ರೂಪುಗೊಳ್ಳಲು ಒಂದು ನೆಲೆ ಬೇಕು. ಕಾವ್ಯಕ್ಕೆ ಸಭೆ, ಸಂಗೀತಕ್ಕೆ ಕಚೇರಿ, ಶಿಲ್ಪಕ್ಕೆ ದೇವಾಲಯ ಅಂಥ ನೆಲೆಗಳಾಗಿ ಬಹುಕಾಲದಿಂದ ಒದಗಿಬಂದಿವೆ. 1839ರಲ್ಲಿ ಜಗತ್ತಿಗೆ ಪರಿಚಯವಾದ ಛಾಯಾಚಿತ್ರಕ್ಕೆ ಮಾತ್ರ ತನ್ನದೆಂದು ಹೇಳಿಕೊಳ್ಳುವ ನೆಲೆ ಬಹಳ ಕಾಲ ಇರಲಿಲ್ಲ. ಅದು ಸ್ಟುಡಿಯೋಗಳಲ್ಲಿ ವ್ಯಾಪಾರವಾಗಿ, ಮನೆಗಳ ಆಲ್ಬಮ್ಮುಗಳಲ್ಲಿ ನೆನಪಾಗಿ, ಸರಕಾರಿ ಕಡತಗಳಲ್ಲಿ ದಾಖಲೆಯಾಗಿ ಉಳಿದಿತ್ತು. ಅಪರಿಚಿತರು ಒಟ್ಟಾಗಿ ನಿಂತು ನೋಡಿ, ಚರ್ಚಿಸಿ, ಒಪ್ಪುವ ಅಥವಾ ಜಗಳವಾಡುವ ವಸ್ತುವಾಗಿ ಅದನ್ನು ಕಾಣುವ ರೂಢಿ ಬೆಳೆದದ್ದು ತಡವಾಗಿ.

ಈ ರೂಢಿಯನ್ನು ಬೆಳೆಸಿದವರಲ್ಲಿ ಅಮೆರಿಕದ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಪ್ರಮುಖನು. ಅವನ ಛಾಯಾಚಿತ್ರಗಳ ಬಗೆಗೆ ವಿಪುಲವಾದ ಬರವಣಿಗೆಯಿದೆ. ಪ್ರಸ್ತುತ ಲೇಖನವು ಅವನ ಜೀವನವನ್ನು ಬೇರೊಂದು ದಿಕ್ಕಿನಿಂದ, ಅಂದರೆ ಅವನು ನಡೆಸಿದ ಗ್ಯಾಲರಿಗಳ ದಿಕ್ಕಿನಿಂದ ನೋಡಲು ಯತ್ನಿಸುತ್ತದೆ. ಗ್ಯಾಲರಿಯೊಂದನ್ನು ಸಾರ್ವಜನಿಕವಾಗಿಸುವುದು ಯಾವುದು? ಅದರ ಒಡೆತನವೋ, ತೆರೆದ ಬಾಗಿಲೋ, ಒಳಗೆ ನಡೆಯುವ ಮಾತುಕತೆಯೋ? ಈ ಪ್ರಶ್ನೆಗೆ ಸ್ಟೀಗ್ಲಿಟ್ಸ್‌ನ ಬದುಕು ಒಂದು ಉತ್ತರವನ್ನೂ ಆ ಉತ್ತರದ ಮಿತಿಯನ್ನೂ ಒಟ್ಟಿಗೇ ಒದಗಿಸುತ್ತದೆ.

2. ಬಾಲ್ಯ, ಶಿಕ್ಷಣ ಮತ್ತು ಕ್ಯಾಮೆರಾ

ಸ್ಟೀಗ್ಲಿಟ್ಸ್ ಹುಟ್ಟಿದ್ದು 1864ರ ಜನವರಿ 1ರಂದು, ನ್ಯೂಜೆರ್ಸಿ ರಾಜ್ಯದ ಹೊಬೊಕೆನ್‌ನಲ್ಲಿ. ತಂದೆ ಎಡ್ವರ್ಡ್ ಜರ್ಮನಿಯಿಂದ ವಲಸೆ ಬಂದ ಯಹೂದಿ. ಉಣ್ಣೆಯ ವ್ಯಾಪಾರದಲ್ಲಿ ಸಾಕಷ್ಟು ಸಂಪಾದಿಸಿದವನು, ಕಲೆಯಲ್ಲಿ ಆಸಕ್ತಿಯಿದ್ದವನು. ತಾಯಿ ಹೆಡ್ವಿಗ್. ಆರು ಮಕ್ಕಳಲ್ಲಿ ಆಲ್‌ಫ್ರೆಡ್ ಹಿರಿಯ. 1871ರಲ್ಲಿ ಕುಟುಂಬ ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿತು. ಮಕ್ಕಳಿಗೆ ಜರ್ಮನ್ ಶಿಕ್ಷಣವೇ ದೊರೆಯಬೇಕೆಂಬ ಹಂಬಲದಿಂದ ತಂದೆ 1881ರಲ್ಲಿ ವ್ಯಾಪಾರವನ್ನು ಬಿಟ್ಟು ಸಂಸಾರಸಮೇತ ಯೂರೋಪಿಗೆ ಹೊರಟನು.

ಕಾರ್ಲ್ಸ್‌ರೂಹೆಯಲ್ಲಿ ಓದಿದ ಆಲ್‌ಫ್ರೆಡ್ ಮುಂದೆ ಬರ್ಲಿನ್ನಿನಲ್ಲಿ ಯಂತ್ರಶಾಸ್ತ್ರದ ವಿದ್ಯಾರ್ಥಿಯಾದನು. ಅಲ್ಲಿ ಅವನ ಬದುಕಿನ ದಿಕ್ಕನ್ನು ಬದಲಿಸಿದವನು ಹರ್ಮನ್ ವಿಲ್‌ಹೆಲ್ಮ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞ. ನೀಲಿ ಬೆಳಕಿಗಷ್ಟೇ ಚೆನ್ನಾಗಿ ಸ್ಪಂದಿಸುತ್ತಿದ್ದ ಛಾಯಾಫಲಕಗಳು ಇತರ ಬಣ್ಣಗಳಿಗೂ ಸ್ಪಂದಿಸುವಂತೆ ಮಾಡುವ ವಿಧಾನವನ್ನು 1873ರಲ್ಲಿ ಕಂಡುಹಿಡಿದವನೇ ಈ ಫೋಗೆಲ್. ಅವನ ತರಗತಿಗಳು ಸ್ಟೀಗ್ಲಿಟ್ಸ್‌ನನ್ನು ಸೆಳೆದವು. 1883ರಲ್ಲಿ ಅವನು ತನ್ನ ಮೊದಲ ಕ್ಯಾಮೆರಾವನ್ನು ಕೊಂಡನು. 1887ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಹವ್ಯಾಸಿಗಳಿಗಾಗಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಅವನಿಗೆ ಪ್ರಥಮ ಬಹುಮಾನ ಬಂದಿತು; ತೀರ್ಪುಗಾರನಾಗಿದ್ದವನು ಆ ಕಾಲದ ಹೆಸರಾಂತ ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್.

1890ರಲ್ಲಿ ಸ್ಟೀಗ್ಲಿಟ್ಸ್ ನ್ಯೂಯಾರ್ಕಿಗೆ ಮರಳಿದನು. ತಂದೆಯ ನೆರವಿನಿಂದ ಚಿತ್ರಮುದ್ರಣದ ಉದ್ಯಮವೊಂದರಲ್ಲಿ ಪಾಲುದಾರನಾದನು. ವ್ಯಾಪಾರದಲ್ಲಿ ಅವನು ಯಶಸ್ವಿಯಾಗಲಿಲ್ಲ. ಆದರೆ ಛಾಯಾಚಿತ್ರವನ್ನು ಕಾಗದದ ಮೇಲೆ ಶಾಯಿಯಲ್ಲಿ ಮುದ್ರಿಸುವ ಸೂಕ್ಷ್ಮ ಕಲೆಯನ್ನು ಅವನು ಅಲ್ಲಿ ಕಲಿತನು. ಮುಂದೆ ಅವನ ಪತ್ರಿಕೆಯ ಹಿರಿಮೆಗೆ ಈ ಕಲಿಕೆಯೇ ಆಧಾರವಾಯಿತು. 1893ರಲ್ಲಿ ಎಮ್ಮೆಲೀನ್ ಓಬರ್‌ಮೇಯರಳೊಂದಿಗೆ ಅವನ ವಿವಾಹವಾಯಿತು. ಮದ್ಯೋದ್ಯಮಿಗಳ ಮನೆತನದವಳಾದ ಆಕೆಯ ಆದಾಯವು ಹಲವು ವರ್ಷ ಸಂಸಾರವನ್ನೂ ಅವನ ಕಲಾಸಾಹಸಗಳನ್ನೂ ಪೋಷಿಸಿತೆಂಬುದನ್ನು ಮರೆಯುವಂತಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಹಿಮಪಾತದ ನಡುವೆ ಗಂಟೆಗಟ್ಟಲೆ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾದಿಂದ ಅವನು ತೆಗೆದ ಕುದುರೆಗಾಡಿಯ ಚಿತ್ರ ಪ್ರಸಿದ್ಧವಾಯಿತು. ನಗರದ ಬೀದಿಯೂ ಕಲೆಯ ವಸ್ತುವಾಗಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು.

3. ಕ್ಲಬ್ಬಿನಿಂದ ಗ್ಯಾಲರಿಗೆ

1888ರಲ್ಲಿ ಕೊಡ್ಯಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಛಾಯಾಗ್ರಹಣವು ಪರಿಣತರ ಕೈಯಿಂದ ಜನಸಾಮಾನ್ಯರ ಕೈಗೆ ಇಳಿಯತೊಡಗಿತು. ಗುಂಡಿಯೊತ್ತಿದರೆ ಚಿತ್ರ ಮೂಡುವುದಾದರೆ ಅದರಲ್ಲಿ ಕಲೆಯೇನು ಬಂತು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಇದಕ್ಕೆ ಉತ್ತರಿಸಬೇಕೆಂದಿದ್ದ ಹವ್ಯಾಸಿಗಳಿಗೆ ಆಗ ದೊರೆಯುತ್ತಿದ್ದ ವೇದಿಕೆಯೆಂದರೆ ಕ್ಲಬ್ಬುಗಳು. ಕ್ಲಬ್ಬಿನ ಪ್ರದರ್ಶನವನ್ನು ಬಹುಮಟ್ಟಿಗೆ ಸದಸ್ಯರೇ ಏರ್ಪಡಿಸಿ, ಸದಸ್ಯರೇ ನೋಡಿ, ಸದಸ್ಯರೇ ಹೊಗಳಿಕೊಳ್ಳುತ್ತಿದ್ದರು. 1896ರಲ್ಲಿ ನ್ಯೂಯಾರ್ಕಿನ ಎರಡು ಸಂಘಗಳು ಸೇರಿ ಕ್ಯಾಮೆರಾ ಕ್ಲಬ್ ಆದಾಗ ಸ್ಟೀಗ್ಲಿಟ್ಸ್ ಅದರಲ್ಲಿ ಪ್ರಭಾವಿಯಾಗಿದ್ದನು. ಅದರ ಮುಖಪತ್ರವಾದ 'ಕ್ಯಾಮೆರಾ ನೋಟ್ಸ್' ಅನ್ನು 1897ರಿಂದ 1902ರವರೆಗೆ ಸಂಪಾದಿಸಿದನು. ಸದಸ್ಯರೆಲ್ಲರ ಚಿತ್ರಗಳಿಗೆ ಸಮಾನ ಸ್ಥಾನ ಬೇಕೆಂಬವರಿಗೂ ಆಯ್ಕೆಯಲ್ಲಿ ನಿಷ್ಠುರನಾಗಿದ್ದ ಸಂಪಾದಕನಿಗೂ ಘರ್ಷಣೆ ಅನಿವಾರ್ಯವಾಯಿತು.

1902ರಲ್ಲಿ ಅವನು ನ್ಯಾಷನಲ್ ಆರ್ಟ್ಸ್ ಕ್ಲಬ್ಬಿನಲ್ಲಿ ಛಾಯಾಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಿ, ಅದನ್ನು 'ಫೋಟೊ-ಸಿಸೆಷನ್' ಎಂಬ ಗುಂಪಿನ ಹೆಸರಿನಲ್ಲಿ ನಡೆಸಿದನು. ಯೂರೋಪಿನ ಚಿತ್ರಕಾರರು ಸಾಂಪ್ರದಾಯಿಕ ಅಕಾಡೆಮಿಗಳಿಂದ ಸಿಡಿದು ಹೊರಬಂದು ತಮ್ಮನ್ನು ಕರೆದುಕೊಂಡ ಹೆಸರನ್ನೇ ಇಲ್ಲಿ ಬಳಸಲಾಗಿತ್ತು. ಗರ್ಟ್ರೂಡ್ ಕೇಸೆಬಿಯರ್, ಕ್ಲಾರೆನ್ಸ್ ವೈಟ್, ಎಡ್ವರ್ಡ್ ಸ್ಟೈಕನ್ ಮೊದಲಾದವರು ಈ ಗುಂಪಿನಲ್ಲಿದ್ದರು. 1903ರ ಜನವರಿಯ ಸಂಚಿಕೆಯೊಂದಿಗೆ 'ಕ್ಯಾಮೆರಾ ವರ್ಕ್' ಎಂಬ ತ್ರೈಮಾಸಿಕ ಆರಂಭವಾಯಿತು. ಅದರಲ್ಲಿನ ಎಷ್ಟೋ ಚಿತ್ರಗಳನ್ನು ಬಿಡಿಯಾಗಿ ಮುದ್ರಿಸಿ ಪುಟಗಳಿಗೆ ಅಂಟಿಸಲಾಗುತ್ತಿತ್ತು.

ಆದರೆ ಪತ್ರಿಕೆ ತಲಪುವುದು ಓದುಗನೊಬ್ಬನನ್ನು, ಅವನ ಏಕಾಂತದಲ್ಲಿ. ಒಟ್ಟಾಗಿ ನೋಡುವವರ ಕೂಟವನ್ನು ಅದೊಂದೇ ಕಟ್ಟಲಾರದು. ಈ ಕೊರತೆಯನ್ನು ತುಂಬುವ ಸಲಹೆ ಕೊಟ್ಟವನು ಸ್ಟೈಕನ್. ಐದನೆಯ ಅವೆನ್ಯೂವಿನ 291ನೆಯ ಸಂಖ್ಯೆಯ ಕಟ್ಟಡದಲ್ಲಿ, ತಾನು ಸ್ಟುಡಿಯೋ ಮಾಡಿಕೊಂಡಿದ್ದ ಮೇಲಂತಸ್ತಿನ ಕೋಣೆಗಳನ್ನೇ ಗ್ಯಾಲರಿಯಾಗಿಸಬಹುದೆಂದು ಅವನು ಸೂಚಿಸಿದನು. 1905ರ ನವೆಂಬರಿನಲ್ಲಿ ಮೂರು ಚಿಕ್ಕ ಕೋಣೆಗಳ ಈ ಗ್ಯಾಲರಿ ಫೋಟೊ-ಸಿಸೆಷನ್ ಸದಸ್ಯರ 100 ಛಾಯಾಚಿತ್ರಗಳೊಂದಿಗೆ ಬಾಗಿಲು ತೆರೆಯಿತು. ಅಧಿಕೃತ ಹೆಸರು ಬೇರೆಯಿದ್ದರೂ ಜನರ ಬಾಯಲ್ಲಿ ಉಳಿದದ್ದು ಆ ಸಂಖ್ಯೆ ಮಾತ್ರ.

4. 291: ನೋಟದ ಶಾಲೆ

ಗೋಡೆಗಳಿಗೆ ಮಾಸಲು ಬಣ್ಣದ ಒರಟು ಬಟ್ಟೆ, ಚಿತ್ರಗಳ ನಡುವೆ ಸಾಕಷ್ಟು ಅಂತರ, ಕೋಣೆಯ ನಡುವೆ ಒಂದು ದೊಡ್ಡ ಲೋಹದ ಬೋಗುಣಿ. ನೆಲದಿಂದ ಮಾಳಿಗೆಯವರೆಗೆ ಚಿತ್ರಗಳನ್ನು ಒತ್ತೊತ್ತಾಗಿ ತೂಗುಹಾಕುವುದು ರೂಢಿಯಾಗಿದ್ದ ಕಾಲದಲ್ಲಿ ಈ ವಿರಳತೆಯೇ ಒಂದು ವಿಮರ್ಶೆಯಾಗಿತ್ತು. ಪ್ರತಿಯೊಂದು ಚಿತ್ರದ ಮುಂದೆಯೂ ನಿಲ್ಲಬೇಕು, ನಿಂತು ನೋಡಬೇಕು ಎಂಬ ಒತ್ತಾಯ ಅದರಲ್ಲಿತ್ತು. ಪ್ರವೇಶ ಶುಲ್ಕವಿರಲಿಲ್ಲ. ಇಕ್ಕಟ್ಟಾದ ಲಿಫ್ಟಿನಲ್ಲಿ ಮೇಲೆ ಬಂದವನು ಕ್ಲಬ್ಬಿನ ಸದಸ್ಯನಾಗಿರಬೇಕಿರಲಿಲ್ಲ, ಕೊಳ್ಳುವವನೂ ಆಗಿರಬೇಕಿರಲಿಲ್ಲ. ಬಂದವರೊಡನೆ ಸ್ಟೀಗ್ಲಿಟ್ಸ್ ದಿನವಿಡೀ ಮಾತನಾಡುತ್ತಿದ್ದನು. ಅವನ ಮಾತು ಕೆಲವರಿಗೆ ದೀಕ್ಷೆಯಂತೆ, ಕೆಲವರಿಗೆ ಹಿಂಸೆಯಂತೆ ತೋರಿದ್ದುಂಟು. ಆದರೆ ಗ್ಯಾಲರಿಯನ್ನು ಅಂಗಡಿಯಿಂದ ಬೇರ್ಪಡಿಸಿದ್ದು ಆ ಮಾತೇ.

ಇಲ್ಲಿನ ಪ್ರದರ್ಶನಗಳ ಕ್ರಮವೂ ಗಮನಾರ್ಹವಾಗಿದೆ. 1907ರ ಜನವರಿಯಲ್ಲಿ ಪಮೇಲಾ ಕೋಲ್ಮನ್ ಸ್ಮಿತ್‌ಳ ರೇಖಾಚಿತ್ರಗಳೊಂದಿಗೆ ಛಾಯಾಚಿತ್ರವಲ್ಲದ ಕಲೆಗೂ ಗ್ಯಾಲರಿ ತೆರೆದುಕೊಂಡಿತು. 1908ರಲ್ಲಿ ರೋಡಿನ್‌ನ ರೇಖಾಚಿತ್ರಗಳು, ಬಳಿಕ ಮಾತೀಸ್‌ನ ಕೃತಿಗಳು, 1911ರಲ್ಲಿ ಸೆಝಾನ್‌ನ ಜಲವರ್ಣಗಳು ಮತ್ತು ಪಿಕಾಸೋನ ಕೃತಿಗಳು ಬಂದವು. ಮಾತೀಸ್ ಮತ್ತು ಪಿಕಾಸೋರ ಏಕವ್ಯಕ್ತಿ ಪ್ರದರ್ಶನಗಳು ಅಮೆರಿಕದಲ್ಲಿ ಮೊದಲು ನಡೆದದ್ದು ಈ ಛಾಯಾಚಿತ್ರ ಗ್ಯಾಲರಿಯಲ್ಲಿ. ಪಿಕಾಸೋನ ಪ್ರದರ್ಶನದಲ್ಲಿ ಮಾರಾಟವಾದವು ಒಂದೆರಡು ಮಾತ್ರ; ಅವುಗಳಲ್ಲೊಂದನ್ನು ಕೊಂಡವನು ಸ್ವತಃ ಸ್ಟೀಗ್ಲಿಟ್ಸ್. ಛಾಯಾಚಿತ್ರವನ್ನು ಚಿತ್ರಕಲೆಯ ಪಕ್ಕದಲ್ಲಿಟ್ಟು, ಎರಡೂ ತಮ್ಮ ತಮ್ಮ ಧರ್ಮವನ್ನು ಕಂಡುಕೊಳ್ಳಬೇಕೆಂಬುದು ಅವನ ಆಶಯವಾಗಿತ್ತು. 1913ರಲ್ಲಿ ನಗರವೆಲ್ಲ ಹೊಸ ಚಿತ್ರಕಲೆಯ ಬೃಹತ್ ಪ್ರದರ್ಶನವಾದ ಆರ್ಮರಿ ಷೋಗೆ ಮುಗಿಬಿದ್ದಿದ್ದಾಗ ಅವನು 291ರಲ್ಲಿ ತನ್ನ ಛಾಯಾಚಿತ್ರಗಳನ್ನೇ ತೂಗುಹಾಕಿದ್ದು ಇದೇ ಕಾರಣಕ್ಕೆ.

1912ರಲ್ಲಿ ಅವನು ಎರಡರಿಂದ ಹನ್ನೊಂದು ವರ್ಷದೊಳಗಿನ ಮಕ್ಕಳ ಚಿತ್ರಗಳ ಪ್ರದರ್ಶನವನ್ನೂ ನಡೆಸಿದನು. ಓದುಬರಹದ ಕಟ್ಟುಪಾಡಿಲ್ಲದೆಯೂ ಕಾವ್ಯದಲ್ಲಿ ಪರಿಣತರಾದ ಜನರನ್ನು ಕುರಿತು 'ಕವಿರಾಜಮಾರ್ಗ' ಹೆಮ್ಮೆಪಟ್ಟಿರುವುದನ್ನು ಬಲ್ಲ ಕನ್ನಡ ಓದುಗರಿಗೆ, ಕಲಿಯದ ಕೈಗೂ ಗೋಡೆಯ ಮೇಲೆ ಸ್ಥಾನ ಕೊಟ್ಟ ಈ ನಡೆಯ ಅರ್ಥ ಸುಲಭವಾಗಿ ಹೊಳೆಯಬಹುದು.

ಗ್ಯಾಲರಿಯು ಸಮುದಾಯದಲ್ಲಿ ಮಾಡುವ ಕೆಲಸಕ್ಕೆ ಇನ್ನೂ ಒಳ್ಳೆಯ ನಿದರ್ಶನ ಒಂದಿದೆ. ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಲೂಯಿಸ್ ಹೈನ್ ಎಂಬ ಅಧ್ಯಾಪಕನಿದ್ದನು. ಅವನು ತನ್ನ ವಿದ್ಯಾರ್ಥಿಗಳನ್ನು 291ಕ್ಕೆ ಕರೆದುಕೊಂಡು ಹೋದನು. ಆ ಹುಡುಗರಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬವನೊಬ್ಬನಿದ್ದನು. ಗೋಡೆಯ ಮೇಲಿನ ಛಾಯಾಚಿತ್ರಗಳನ್ನು ಕಂಡು ಛಾಯಾಗ್ರಾಹಕನಾಗಲು ನಿಶ್ಚಯಿಸಿದ ಈ ಹುಡುಗನ ಪ್ರದರ್ಶನವನ್ನು 1916ರಲ್ಲಿ ಅದೇ ಗ್ಯಾಲರಿ ಏರ್ಪಡಿಸಿತು. 'ಕ್ಯಾಮೆರಾ ವರ್ಕ್'ನ ಕೊನೆಯ ಸಂಚಿಕೆ ಮೀಸಲಾದದ್ದೂ ಅವನಿಗೇ. ನೋಡಲು ಬಂದವನು ಮಾಡುವವನಾಗಿ ಮರಳಿದ ಈ ಘಟನೆಯಲ್ಲಿ ಕವಿಸಹೃದಯರ ಸಂಬಂಧವೇ ಮೂರ್ತರೂಪ ಪಡೆದಂತಿದೆ.

5. ತೆರೆದ ಬಾಗಿಲಿನ ಮಿತಿ

ಆದರೆ ಇದೇ ನಿದರ್ಶನಕ್ಕೆ ಇನ್ನೊಂದು ಮುಖವಿದೆ. ಹುಡುಗರನ್ನು ಕರೆತಂದ ಹೈನ್ ಸ್ವತಃ ಛಾಯಾಗ್ರಾಹಕನಾಗಿದ್ದನು. ಎಲ್ಲಿಸ್ ದ್ವೀಪದಲ್ಲಿ ಬಂದಿಳಿಯುತ್ತಿದ್ದ ವಲಸಿಗರನ್ನು, ಗಿರಣಿ ಗಣಿಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳನ್ನು ಚಿತ್ರಿಸಿದವನು. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಅವನ ಚಿತ್ರಗಳು ಸಾಕ್ಷ್ಯವಾದವು. ಶಿಷ್ಯನಿಗೆ ದೊರೆತ ಗೋಡೆ ಗುರುವಿಗೆ ದೊರೆಯಲಿಲ್ಲ. ಸಮಾಜದ ಸುಧಾರಣೆಗಾಗಿ ತೆಗೆದ ಚಿತ್ರ ಬೇರೆ, ಕಲೆಯಾಗಿ ತೆಗೆದ ಚಿತ್ರ ಬೇರೆ ಎಂಬ ಗೆರೆಯನ್ನು 291 ದಾಟಲಿಲ್ಲ.

ಸ್ಟೀಗ್ಲಿಟ್ಸ್‌ನ ಅತ್ಯಂತ ಪ್ರಸಿದ್ಧ ಕೃತಿಯಾದ 'ದಿ ಸ್ಟೀರೇಜ್' ಕೂಡ ಈ ಗೆರೆಯನ್ನೇ ನೆನಪಿಸುತ್ತದೆ. 1907ರಲ್ಲಿ ಅವನು ಯೂರೋಪಿಗೆ ಹೊರಟ ಹಡಗಿನಲ್ಲಿ ಮೊದಲ ದರ್ಜೆಯ ಪ್ರಯಾಣಿಕನಾಗಿದ್ದನು. ಮೇಲಿನಿಂದ ಕೆಳದರ್ಜೆಯ ಜನರನ್ನು ಕಂಡು ಈ ಚಿತ್ರವನ್ನು ತೆಗೆದನು. ಅಮೆರಿಕಕ್ಕೆ ಬರುತ್ತಿರುವ ವಲಸಿಗರ ಚಿತ್ರವೆಂದು ಇದನ್ನು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಆ ಹಡಗು ಹೋಗುತ್ತಿದ್ದುದು ಯೂರೋಪಿನ ಕಡೆಗೆ. ಅವರು ಅಮೆರಿಕವನ್ನು ಬಿಟ್ಟು ಮರಳುತ್ತಿದ್ದವರು. ಓರೆಯಾಗಿ ಹಾದುಹೋಗುವ ಸೇತುವೆ, ಏಣಿ, ದುಂಡಗಿನ ಹುಲ್ಲಿನ ಟೋಪಿ ಮುಂತಾದ ಆಕಾರಗಳ ಜೋಡಣೆ ಅವನನ್ನು ಸೆಳೆದಿತ್ತು. ಅನುಕಂಪ ಅಲ್ಲಿಲ್ಲವೆಂದಲ್ಲ, ಆದರೆ ಮೇಲಿನ ತಟ್ಟು ಕೆಳಗಿನ ತಟ್ಟನ್ನು ನೋಡುವ ಅಂತರ ಚಿತ್ರದಲ್ಲಿಯೇ ಉಳಿದಿದೆ. 1914ರಲ್ಲಿ ಆಫ್ರಿಕಾದ ಮರದ ಶಿಲ್ಪಗಳನ್ನು ಕಲಾಕೃತಿಗಳೆಂದೇ ಪ್ರದರ್ಶಿಸಿದ್ದು 291ರ ಹೆಗ್ಗಳಿಕೆ. ಆದರೆ ಆ ಪ್ರದರ್ಶನದ ಶೀರ್ಷಿಕೆಯಲ್ಲಿ ಅವುಗಳನ್ನು ಮಾಡಿದವರು ಅನಾಗರಿಕರೆಂದೇ ಕರೆಸಿಕೊಂಡರು. ಬಾಗಿಲು ಎಲ್ಲರಿಗೂ ತೆರೆದಿತ್ತು ನಿಜ. ಯಾರು ಒಳಬರುತ್ತಾರೆ, ಯಾರು ಗೋಡೆಯ ಮೇಲೆ ಬರುತ್ತಾರೆ ಮತ್ತು ಯಾವ ಹೆಸರಿನಿಂದ ಬರುತ್ತಾರೆ ಎಂಬುದನ್ನು ಬಾಗಿಲು ನಿರ್ಧರಿಸುವುದಿಲ್ಲ.

6. ಒಡೆದ ಕೂಟ

1910ರಲ್ಲಿ ಬಫಲೋ ನಗರದ ಆಲ್‌ಬ್ರೈಟ್ ಗ್ಯಾಲರಿಯಲ್ಲಿ ಸ್ಟೀಗ್ಲಿಟ್ಸ್ ಏರ್ಪಡಿಸಿದ ಅಂತಾರಾಷ್ಟ್ರೀಯ ಛಾಯಾಚಿತ್ರ ಪ್ರದರ್ಶನವು ಅವನ ಹೋರಾಟದ ವಿಜಯವಾಗಿತ್ತು. ಸುಮಾರು 600 ಚಿತ್ರಗಳನ್ನು ನೋಡಲು 15,000ದಷ್ಟು ಜನ ಬಂದರು. ವಸ್ತುಸಂಗ್ರಹಾಲಯವು ಕೆಲವು ಛಾಯಾಚಿತ್ರಗಳನ್ನು ಕೊಂಡು ತನ್ನ ಸಂಗ್ರಹಕ್ಕೆ ಸೇರಿಸಿತು. ಆದರೆ ಗೆದ್ದ ಗುಂಪು ಒಗ್ಗಟ್ಟಾಗಿ ಉಳಿಯಲಿಲ್ಲ. 291ರ ಗೋಡೆಗಳು ಚಿತ್ರಕಲೆಗೆ ಹೆಚ್ಚು ಹೆಚ್ಚು ಮೀಸಲಾಗುತ್ತಿದ್ದುದು ಛಾಯಾಗ್ರಾಹಕರಿಗೆ ಸಹನೆಯಾಗಲಿಲ್ಲ. 1913ರಿಂದ 1916ರ ಸ್ಟ್ರ್ಯಾಂಡ್ ಪ್ರದರ್ಶನದವರೆಗೆ ಅಲ್ಲಿ ಛಾಯಾಚಿತ್ರಗಳ ಪ್ರದರ್ಶನವೇ ಇರಲಿಲ್ಲ. ಸ್ಟೀಗ್ಲಿಟ್ಸ್‌ನ ಹಟಮಾರಿ ಸ್ವಭಾವವೂ ಇದಕ್ಕೆ ಸೇರಿಕೊಂಡಿತು. ಛಾಯಾಗ್ರಹಣದಿಂದ ಜೀವನೋಪಾಯ ನಡೆಸುತ್ತಿದ್ದ ಕೇಸೆಬಿಯರ್‌ಳ ನಿಲುವು ಅವನಿಗೆ ಒಪ್ಪಿಗೆಯಾಗಲಿಲ್ಲ; ಆಕೆ ಗುಂಪಿನಿಂದ ಹೊರಬಂದಳು. ವೈಟ್ ಕೂಡ ದೂರವಾಗಿ 1914ರಲ್ಲಿ ತನ್ನದೇ ಛಾಯಾಗ್ರಹಣ ಶಾಲೆಯನ್ನು ಸ್ಥಾಪಿಸಿದನು. ಹಣದ ಹಂಗಿಲ್ಲದವನು ಕಲೆಯ ಶುದ್ಧತೆಯ ಬಗ್ಗೆ ಮಾತನಾಡುವುದು ಸುಲಭವೆಂಬ ಆಕ್ಷೇಪವನ್ನು ಇಲ್ಲಿ ತಳ್ಳಿಹಾಕುವಂತಿಲ್ಲ.

ಪ್ರಥಮ ಮಹಾಯುದ್ಧ ಈ ಬಿಕ್ಕಟ್ಟನ್ನು ಪೂರ್ಣಗೊಳಿಸಿತು. ಪತ್ನಿಯ ಕಡೆಯ ಆದಾಯ ಕುಗ್ಗಿತು. ಒಂದು ಕಾಲಕ್ಕೆ ಸುಮಾರು 1,000 ಇದ್ದ 'ಕ್ಯಾಮೆರಾ ವರ್ಕ್' ಚಂದಾದಾರರ ಸಂಖ್ಯೆ 40ಕ್ಕಿಂತ ಕೆಳಗಿಳಿಯಿತು. 1917ರ ವಸಂತದಲ್ಲಿ ಜಾರ್ಜಿಯಾ ಓಕೀಫ್ ಎಂಬ ಯುವ ಕಲಾವಿದೆಯ ಪ್ರದರ್ಶನದೊಂದಿಗೆ 291 ಮುಚ್ಚಿತು. ಅದೇ ವರ್ಷ ಪತ್ರಿಕೆಯೂ ನಿಂತಿತು.

7. ಬಾಸ್ಟನ್ನಿನಲ್ಲಿ ಒಂದು ಅಂಗೀಕಾರ

ನಂತರದ ವರ್ಷಗಳಲ್ಲಿ ಸ್ಟೀಗ್ಲಿಟ್ಸ್ ಓಕೀಫಳನ್ನು ಮತ್ತೆ ಮತ್ತೆ ಚಿತ್ರಿಸಿದನು; 1922ರಿಂದ ಮೋಡಗಳ ಚಿತ್ರಗಳಲ್ಲಿ ತೊಡಗಿದನು. ಇವನ್ನು ಮುಂದೆ 'ಸಮಾನಕಗಳು' ಎಂಬರ್ಥದ ಹೆಸರಿನಿಂದ ಕರೆದನು. ಹೊರಗಿನ ರೂಪವೊಂದು ಒಳಗಿನ ಭಾವಕ್ಕೆ ಸಮನಾಗಿ ನಿಲ್ಲಬಲ್ಲದೆಂಬ ನಂಬಿಕೆ ಇದರ ಹಿಂದಿತ್ತು. ಖಾಸಗಿ ಬದುಕಿನಲ್ಲಿ ದುಃಖಗಳಿದ್ದವು. 1898ರಲ್ಲಿ ಹುಟ್ಟಿದ ಒಬ್ಬಳೇ ಮಗಳು ಕಿಟ್ಟಿ 1923ರಲ್ಲಿ ಹೆರಿಗೆಯ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ ಮತ್ತೆ ಸಹಜ ಬದುಕಿಗೆ ಮರಳಲಿಲ್ಲ. ಮೊದಲ ವಿವಾಹ ಮುರಿದು, 1924ರಲ್ಲಿ ಅವನು ಓಕೀಫಳನ್ನು ಮದುವೆಯಾದನು.

ಅದೇ 1924ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯವು ಸ್ಟೀಗ್ಲಿಟ್ಸ್‌ನ 27 ಛಾಯಾಚಿತ್ರಗಳನ್ನು ಅವನ ಕೊಡುಗೆಯಾಗಿ ಸ್ವೀಕರಿಸಿತು. ಇದರ ಹಿಂದೆ ಇದ್ದವರು ಅಲ್ಲಿ ಭಾರತೀಯ ಕಲಾವಿಭಾಗವನ್ನು ನೋಡಿಕೊಳ್ಳುತ್ತಿದ್ದ ಆನಂದ ಕುಮಾರಸ್ವಾಮಿಯವರು. ಕನ್ನಡದ ಕಲಾಮೀಮಾಂಸೆಯ ಓದುಗರಿಗೆ ಅವರು ಶಿವತಾಂಡವದ ವ್ಯಾಖ್ಯಾನಕಾರರಾಗಿ ಚಿರಪರಿಚಿತರು. ಕ್ಯಾಮೆರಾವನ್ನು ಸ್ವತಃ ಬಳಸಬಲ್ಲವರಾಗಿದ್ದ ಅವರು ಸ್ಟೀಗ್ಲಿಟ್ಸ್‌ನ ಸ್ನೇಹಿತರೂ ಆಗಿದ್ದರು. ಕಲೆಯೆಂದರೆ ಕಣ್ಣಿಗೆ ಕಂಡದ್ದರ ನಕಲಲ್ಲವೆಂದು ವಾದಿಸಿದ ವಿದ್ವಾಂಸರೇ, ನಕಲು ಮಾಡುವ ಯಂತ್ರವೆಂದು ಹೀಗಳೆಯಲ್ಪಟ್ಟಿದ್ದ ಕ್ಯಾಮೆರಾದ ಚಿತ್ರಗಳಿಗೆ ಸಂಗ್ರಹಾಲಯದ ಬಾಗಿಲು ತೆರೆಸಿದ್ದು ಸೋಜಿಗವೆನಿಸಬಹುದು. ಆದರೆ ಮೋಡದಲ್ಲಿ ಭಾವದ ಸಮಾನಕವನ್ನು ಹುಡುಕುತ್ತಿದ್ದ ಛಾಯಾಗ್ರಾಹಕನಿಗೂ ರೂಪವನ್ನು ಅರ್ಥದ ಸಂಕೇತವಾಗಿ ಓದುತ್ತಿದ್ದ ಮೀಮಾಂಸಕರಿಗೂ ನಡುವೆ ಬಹಳ ದೂರವಿರಲಿಲ್ಲ ಎನ್ನಬಹುದು. ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವೂ 1928ರಲ್ಲಿ ಅವನ ಛಾಯಾಚಿತ್ರಗಳನ್ನು ಪಡೆಯಿತು. 1933ರಲ್ಲಿ ಅವನು ತಾನು ಸಂಗ್ರಹಿಸಿದ್ದ ಇತರರ 400ಕ್ಕೂ ಮಿಕ್ಕ ಛಾಯಾಚಿತ್ರಗಳನ್ನು ಅದಕ್ಕೇ ಒಪ್ಪಿಸಿದನು.

ಈ ನಡುವೆ ಅವನು ಗ್ಯಾಲರಿ ನಡೆಸುವುದನ್ನು ಬಿಟ್ಟಿರಲಿಲ್ಲ. 1925ರಿಂದ 1929ರವರೆಗೆ ಇಂಟಿಮೇಟ್ ಗ್ಯಾಲರಿ, 1929ರ ಡಿಸೆಂಬರಿನಿಂದ ಕೊನೆಯವರೆಗೆ ಮ್ಯಾಡಿಸನ್ ಅವೆನ್ಯೂವಿನ 17ನೆಯ ಮಹಡಿಯಲ್ಲಿದ್ದ 'ಆ್ಯನ್ ಅಮೆರಿಕನ್ ಪ್ಲೇಸ್' ಅವನ ಕರ್ಮಭೂಮಿಗಳಾದವು. 1936ರಲ್ಲಿ ಆ್ಯನ್ಸೆಲ್ ಆ್ಯಡಮ್ಸ್‌ನ ಛಾಯಾಚಿತ್ರಗಳನ್ನು ಅವನು ಇಲ್ಲಿ ಪ್ರದರ್ಶಿಸಿದನು. ಕೊಳ್ಳಲು ಬಂದವರನ್ನು ಪರೀಕ್ಷಿಸಿ, ಯೋಗ್ಯರೆನಿಸದಿದ್ದರೆ ಕೊಡಲೊಪ್ಪದ ಅವನ ರೀತಿ ದಂತಕಥೆಯಾಯಿತು. ಆರೋಗ್ಯ ಕೆಟ್ಟು 1937ರ ಸುಮಾರಿಗೆ ಕ್ಯಾಮೆರಾವನ್ನು ಕೆಳಗಿಟ್ಟರೂ ಗ್ಯಾಲರಿಗೆ ಬರುವುದನ್ನು ನಿಲ್ಲಿಸಲಿಲ್ಲ. 1946ರ ಜುಲೈ 13ರಂದು ಅವನು ನಿಧನನಾದನು. ಚಿತಾಭಸ್ಮವನ್ನು, ಬಾಲ್ಯದಿಂದ ಅವನಿಗೆ ಪ್ರಿಯವಾಗಿದ್ದ ಲೇಕ್ ಜಾರ್ಜ್‌ನ ದಡದಲ್ಲಿ ಮಣ್ಣುಮಾಡಲಾಯಿತು.

8. ಸಮಾರೋಪ

ಉಯಿಲಿನ ಹೊಣೆ ಹೊತ್ತ ಓಕೀಫ್ ಅವನ ಸಂಗ್ರಹವನ್ನು ಮಾರದೆ ಹಲವು ಸಂಸ್ಥೆಗಳಿಗೆ ಹಂಚಿದಳು. ಅವನ ಛಾಯಾಚಿತ್ರಗಳ ಮುಖ್ಯ ಸಂಗ್ರಹ 1949ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಯಿತು. ಅದೇ ವರ್ಷ 101 ಕಲಾಕೃತಿಗಳನ್ನು ಆಕೆ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟಳು. ಕರಿಯರ ಉನ್ನತ ಶಿಕ್ಷಣಕ್ಕಾಗಿ ಸ್ಥಾಪಿತವಾದ ಸಂಸ್ಥೆಯದು. ಅಮೆರಿಕದ ದಕ್ಷಿಣದಲ್ಲಿ ವರ್ಣಬೇಧವು ಕಾನೂನಾಗಿದ್ದ ದಿನಗಳವು. ಅಲ್ಲಿನ ಹಳೆಯ ವ್ಯಾಯಾಮಶಾಲೆಯೊಂದು ಗ್ಯಾಲರಿಯಾಗಿ ಮಾರ್ಪಟ್ಟಿತು. ಸ್ಟೀಗ್ಲಿಟ್ಸ್ ಜೀವಿಸಿದ್ದಾಗ ದಾಟದ ಗೆರೆಯೊಂದನ್ನು ಅವನ ಸಂಗ್ರಹ ಅವನ ನಂತರ ದಾಟಿತು. ಆದರೆ ಮುಂದೆ ಹಣದ ಮುಗ್ಗಟ್ಟಿಗೆ ಸಿಲುಕಿದ ವಿಶ್ವವಿದ್ಯಾಲಯವು ಕೃತಿಗಳನ್ನು ಮಾರಲು ಹೊರಟಾಗ ದಾನದ ಷರತ್ತುಗಳು ನ್ಯಾಯಾಲಯದ ಮೆಟ್ಟಿಲೇರಿದವು. 2012ರಲ್ಲಿ 3 ಕೋಟಿ ಡಾಲರಿಗೆ ಆರ್ಕಾನ್ಸಾ ರಾಜ್ಯದ ಕ್ರಿಸ್ಟಲ್ ಬ್ರಿಜಸ್ ಸಂಗ್ರಹಾಲಯಕ್ಕೆ ಅರ್ಧ ಹಕ್ಕನ್ನು ಬಿಟ್ಟುಕೊಟ್ಟು, ಸಂಗ್ರಹವನ್ನು ಸರದಿಯಂತೆ ಎರಡೂ ಕಡೆ ಇಡುವ ವ್ಯವಸ್ಥೆಯೊಂದಿಗೆ ವಿವಾದ ಕೊನೆಗೊಂಡಿತು.

ಒಟ್ಟಾರೆಯಾಗಿ ಹೇಳುವುದಾದರೆ, 291 ಯಾರದೋ ಬಾಡಿಗೆ ಕೋಣೆಗಳಲ್ಲಿ ಒಬ್ಬನ ಹಟದಿಂದ ನಡೆದ ಖಾಸಗಿ ಗ್ಯಾಲರಿ. ಅದು ಸಾರ್ವಜನಿಕವಾದದ್ದು ಅಪರಿಚಿತರ ನಡುವೆ ನೋಟವನ್ನೂ ಮಾತನ್ನೂ ಬೆಸೆದುದರಿಂದ. ಆದರೆ ಒಬ್ಬನ ಮಾತನ್ನೇ ನೆಚ್ಚಿದ ಕೂಟ ಅವನ ಅಭಿರುಚಿಯ ಗಡಿಯೊಳಗೆ ನಿಲ್ಲುತ್ತದೆ. ಹೈನ್ ಹೊರಗುಳಿದದ್ದು, ಕೇಸೆಬಿಯರ್ ಹೊರನಡೆದದ್ದು ಇದಕ್ಕೆ ಸಾಕ್ಷಿ. ಅತ್ತ ಮಾತಿನ ನೆಚ್ಚಿಗೆಯಿಲ್ಲದೆ ಕೇವಲ ಒಡೆತನವನ್ನು ನೆಚ್ಚಿದ ಸಂಗ್ರಹ ಮುಗ್ಗಟ್ಟಿನ ದಿನಗಳಲ್ಲಿ ಬೆಲೆಪಟ್ಟಿಯಾಗಿ ಕಾಣುತ್ತದೆ. ಫಿಸ್ಕ್‌ನ ಪ್ರಸಂಗ ಅದಕ್ಕೆ ಸಾಕ್ಷಿ. ಗ್ಯಾಲರಿಯೊಂದು ಸಮುದಾಯದ್ದಾಗಲು ಇವೆರಡೂ ಬೇಕು: ಕೃತಿಗಳನ್ನು ಕಾಪಾಡುವ ಭದ್ರವಾದ ಸಂಸ್ಥೆ ಮತ್ತು ಬಂದವರನ್ನು ನಿಲ್ಲಿಸಿ ಮಾತನಾಡಿಸುವ ಮನುಷ್ಯರು. ತರಗತಿಯ ಹುಡುಗರನ್ನು ಕರೆದುಕೊಂಡು ಮೇಲಂತಸ್ತಿಗೆ ಹತ್ತಿದ ಅಧ್ಯಾಪಕನೂ ಅಂಥ ಮನುಷ್ಯರಲ್ಲಿ ಒಬ್ಬನೆಂಬುದನ್ನು ಗ್ಯಾಲರಿಗಳ ಚರಿತ್ರೆಯನ್ನು ಬರೆಯುವವರು ಗಣನೆಗೆ ತೆಗೆದುಕೊಳ್ಳಬೇಕಾಗಿದೆ.